ಪಾಲಿಗೆ ಬಂದ ಏಣಿ

ಗುರುಸಿದ್ದವ್ವನ ಜೋಳ ಅರ್ಧ ಹಿಟ್ಟಾಗಿ, ಅರ್ಧ ಕಾಳಾಗಿಯೇ ಗಿರಣಿಯ ಬಾಯಲ್ಲಿ ನಿಂತುಬಿಟ್ಟಿತು. ಹೊರಗೆ, ಶಿಗ್ಲಿಯ ಆ ಓಣಿಯ ಕಂಬದ ತುದಿಯಲ್ಲಿ ತಂತಿಯೊಂದು ಕಳಚಿ ಜೋತಾಡುತ್ತಿತ್ತು. ಮೊಮ್ಮಗಳನ್ನು ನೋಡಲು ಮುಂಡರಗಿಯಿಂದ ಗಂಡಿನವರು ಮಧ್ಯಾಹ್ನದ ಊಟಕ್ಕೇ ಬರುವವರಿದ್ದರು. ಮನೆಯಲ್ಲಿ ರೊಟ್ಟಿಗೆ ಹಿಡಿ ಹಿಟ್ಟಿರಲಿಲ್ಲ.

ಲೈನ್ ಬಂದ್ ಮಾಡಿಸಿ ಲೈನ್‌ಮನ್ ಫಕ್ರುಸಾಬ ಓಡಿ ಬಂದ. ಹೆಗಲ ಮೇಲಿನ ಬಿದಿರಿನ ಏಣಿಯನ್ನು ಕಂಬಕ್ಕೆ ಆನಿಸಿದರೆ ಅದು ಕಂಬದ ನಡುವಿಗೇ ಮುಗಿದುಹೋಯಿತು.

“ಇದೇನೋ ಫಕ್ರು, ಏಣಿಗೆ ಗೆದ್ದಲ ಹತ್ತಿತ್ತೇನು?” ಗಿರಣಿಯಿಂದ ಹೊರಬಂದ ಗುರುಸಿದ್ದವ್ವ ಕೇಳಿದಳು.

“ಗೆದ್ದಲ ಅಲ್ಲ ದೊಡ್ಡವ್ವಾ, ಆರ್ಡರ್ ಹತ್ತೈತಿ. ಏಪ್ರಿಲ್ ಒಂದರಿಂದ ನಮ್ಮ ಕಚೇರಿ ಎರಡಾತು. ಸಾಮಾನೆಲ್ಲಾ ಸಮಪಾಲು ಮಾಡ್ರಿ ಅಂತ ಬರದಿದ್ರು. ಏಣಿ ಇದ್ದದ್ದು ಒಂದ.”

“ಅದಕ್ಕ ಕೊಯ್ದ್ರ್ಯಾ?”

“ನಡಬರಕ, ಸರೀ ಅರ್ಧಕ್ಕ! ಸಾಹೇಬ್ರೇ ಟೇಪ್ ಹಿಡದು ನಿಂತಿದ್ರು.”

ಏಣಿಯನ್ನು ಅಷ್ಟು ನಿಷ್ಠೆಯಿಂದ ಅಳೆದ ಆ ಮಹನೀಯರಿಗೆ ಒಮ್ಮೆ ಕಂಬವನ್ನೂ ಅಳೆಯಬೇಕೆಂದು ಹೊಳೆಯದೆ ಹೋದದ್ದು ಎಂತಹ ವಿದ್ಯಾವಂತಿಕೆಯೋ! ಗುರುಸಿದ್ದವ್ವ ಸೂರ್ಯನನ್ನು ನೋಡಿದಳು. ಅವನು ಯಾವ ಆರ್ಡರಿಗೂ ಕಾಯದೆ ನೆತ್ತಿಗೆ ಏರುತ್ತಿದ್ದ.

ಇನ್ನರ್ಧ ಏಣಿ ಇನ್ನೊಂದು ಕಚೇರಿಯ ಲೈನ್‌ಮನ್ ದೇವಪ್ಪನ ಬಳಿಯಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ಅವನನ್ನು ಏಣಿ ಸಮೇತ ಎಬ್ಬಿಸಿ ತಂದದ್ದಾಯಿತು. ಆದರೆ ಅವನು ಕಂಬದಿಂದ ಒಂದು ಮಾರು ದೂರವೇ ನಿಂತ.

“ಈ ಕಂಬ ಫಕ್ರುನ ಕಚೇರೀದು. ಇದಕ್ಕ ನಮ್ಮ ಏಣಿ ಹಚ್ಚಿದ್ರ ನನ್ನ ನೌಕರಿ ಹೊಕ್ಕೈತಿ, ಯವ್ವಾ.”

“ಕಂಬಕ್ಕ ಯಾಕ ಹಚ್ಚತೀಯೋ ನನ್ನಪ್ಪಾ? ಅವನ ಏಣಿಗೆ ಹಚ್ಚು!”

ದೇವಪ್ಪ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದ. ಏಣಿಗೆ ಏಣಿ ಹಚ್ಚಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಅಷ್ಟರಲ್ಲಿ ಗುರುಸಿದ್ದವ್ವ ಮನೆಗೆ ಓಡಿ, ಎಮ್ಮೆಯನ್ನು ಬಿಚ್ಚಿಬಿಟ್ಟು, ಅದರ ಹಗ್ಗವನ್ನೇ ತಂದಳು. ಎರಡು ತುಂಡುಗಳನ್ನು ಬಿಗಿದು ಕಟ್ಟಿದರು. ದೇವಪ್ಪ ಬುಡ ಹಿಡಿದ, ಫಕ್ರುಸಾಬ ಏರಿದ. ತಂತಿ ಕೂಡಿತು, ಲೈನ್ ಬಿಟ್ಟೊಡನೆ ಗಿರಣಿ ಗುಡುಗಿತು.

ಹಿಟ್ಟಿನ ಡಬ್ಬಿ ಹೊತ್ತು ಅವಳು ಹೊರಬರುವಾಗ ಬಾಗಿಲಲ್ಲಿ ಜೀಪು ನಿಂತಿತ್ತು. ಸಾಹೇಬರು ಸಾಮಾನಿನ ಪಟ್ಟಿ ಹಿಡಿದು ಏಣಿಯನ್ನು ಸುತ್ತುತ್ತಿದ್ದರು.

“ಈ ಅರ್ಧ ನಮ್ಮದು. ಆ ಅರ್ಧ ಅವರದು. ಈ ಹಗ್ಗ ಯಾವ ಕಚೇರೀದು?”

“ನಮ್ಮ ಎಮ್ಮೀದು ರೀ,” ಎಂದಳು ಗುರುಸಿದ್ದವ್ವ. “ಅದನ್ನ ಇನ್ನೂ ಯಾರೂ ಎರಡು ಮಾಡಿಲ್ಲ.”