ಮೆಟ್ಟಿಲ ಮೇಲೆ ಉಳಿದವನು

"ಇವನು ಯಾರು?"

ಹೊಸ ಮಂತ್ರಿಯ ಬೆರಳು ಫೋಟೋದ ಮೇಲೆ ನಿಂತಿತು. ಬ್ರಷ್ಷಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಸರ್ಕಾರಿ ಫೋಟೋ ತಿದ್ದುವುದು ಬ್ರಷ್ಷಪ್ಪನ ಕೆಲಸ. ಅಧಿಕಾರದಿಂದ ಬಿದ್ದವರನ್ನು ಬ್ಲೇಡಿನಿಂದ ಕೆರೆದು, ಆ ಜಾಗಕ್ಕೆ ಬಣ್ಣ ಬಳಿಯಬೇಕು. ಹಿಂದೆ ಈ ಕುರ್ಚಿಯಲ್ಲಿದ್ದವನು ಒಬ್ಬ ಸೇನಾಪತಿಯನ್ನು ಅಳಿಸಿ, ನೆರಳನ್ನು ಮರೆತುಬಿಟ್ಟ. ಜೈಲಿಗೆ ಹೋದವನು ಇನ್ನೂ ಬಂದಿಲ್ಲ. ಬ್ರಷ್ಷಪ್ಪನ ನಿವೃತ್ತಿಗೆ ಮೂರೇ ತಿಂಗಳು.

ಫೋಟೋ ಸಾಮಾನ್ಯದ್ದಲ್ಲ. ಸಂಸತ್ತಿನ ಮೆಟ್ಟಿಲ ಮೇಲೆ ದೇಶದ ಮೊದಲ ಹನ್ನೆರಡು ಮಂದಿ ನಾಯಕರು. ಕ್ರಾಂತಿಯಾಯಿತು, ನಾಲ್ವರು ಹೋದರು. ಅಲ್ಲಿ ನಾಲ್ಕು ಹೂಕುಂಡ ಬಂದವು. ಪ್ರತಿಕ್ರಾಂತಿಯಾಯಿತು, ಇನ್ನೈದು ಕುಂಡ. "ಇದೇನು ಸರ್ಕಾರವೋ ನರ್ಸರಿಯೋ?" ಎಂದು ಅಂದಿನ ಮೇಲಧಿಕಾರಿ ಉಗಿದ. ಆಮೇಲೆ ಬ್ರಷ್ಷಪ್ಪ ಕುಂಡಗಳ ಸಹವಾಸ ಬಿಟ್ಟ; ಮತ್ತಿಬ್ಬರು ಹೋದಾಗ ಬರೀ ಮೆಟ್ಟಿಲು ಬಳಿದ. ಹೆಸರುಗಳ ಪಟ್ಟಿ ಯಾವುದೋ ಗಲಭೆಯಲ್ಲಿ ಸುಟ್ಟುಹೋಯಿತು. ಐದು ಸರ್ಕಾರ ಮಗುಚಿದ ಮೇಲೆ ಮೆಟ್ಟಿಲಲ್ಲಿ ಉಳಿದದ್ದು ಒಂಬತ್ತು ಕುಂಡ, ಸೂಟು ತೊಟ್ಟ ಈ ಒಬ್ಬ ಆಸಾಮಿ.

ಇಷ್ಟೆಲ್ಲ ಇತಿಹಾಸ ತಿದ್ದಿದವನಿಗೆ ಮನೆಯಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ. "ಮೂವತ್ತು ವರ್ಷ ಸರ್ಕಾರದ ಒಳಗೇ ಇದೀರಲ್ರೀ, ಯಾರಿಗೆ ಒಂದು ಕೆಲಸ ಕೊಡಿಸಿದ್ರಿ?" ಎಂದು ಹೆಂಡತಿ ಈ ಬೆಳಿಗ್ಗೆಯೂ ತಲೆ ತಿಂದಿದ್ದಳು.

"ಕೇಳಿಸ್ತಾ? ಇವನನ್ನ ಯಾಕೆ ಅಳಿಸಿಲ್ಲ?"

"ಅಳಿಸು ಅಂತ ಯಾರೂ ಹೇಳ್ಲಿಲ್ಲ ಸಾರ್."

"ಯಾರಿಗೂ ಧೈರ್ಯ ಬರಲಿಲ್ಲ ಅನ್ನು." ಮಂತ್ರಿ ಭೂತಗನ್ನಡಿ ಹಿಡಿದ. "ನೋಡು, ನೆರಳು ಕೂಡ ಕಾಣಿಸದ ಹಾಗೆ ನಿಂತಿದಾನೆ. ಪಕ್ಕಾ ಕುಳ! ಬದುಕಿದಾನಾ?"

"ಇದಾರೆ ಸಾರ್. ಆಗಾಗ ನೋಡ್ತಿರ್ತೀನಿ."

"ಏನು ಮಾಡ್ತಾನೆ?"

"ಏನೂ ಮಾಡಲ್ಲ ಸಾರ್. ಎಲ್ಲಾ ಕೂತಲ್ಲಿಗೇ ಬರತ್ತೆ."

ಮಂತ್ರಿಯ ಹಣೆ ಬೆವರಿತು. "ಹಿಂದೆ ಯಾರಿದಾರೆ?"

"ಒಬ್ಬ ಹೆಂಗಸು ಸಾರ್. ಅವರ ಮಾತು ಮೀರೋಕೆ ನನ್ನ ಕೈಲಾಗಲ್ಲ."

ಮಂತ್ರಿ ಬಾಗಿಲು ಮುಚ್ಚಿಸಿದ. ಬ್ರಷ್ಷಪ್ಪ ಕಣ್ಣು ಮುಚ್ಚಿಕೊಂಡ. ಜೈಲಿನ ಕಂಬಿ ಎದುರಿಗೆ ಬಂದಂತಾಯಿತು. ಪೆನ್ನು ಸರಸರ ಸದ್ದು ಮಾಡಿತು.

"ಐದು ಸರ್ಕಾರ ಉರುಳಿದ್ರೂ ಇವನು ಅಲುಗಾಡಿಲ್ಲ. ಎದುರು ಹಾಕ್ಕೊಳ್ಳೋದಕ್ಕಿಂತ ನಮ್ಮ ಜೊತೆಗೇ ಇಟ್ಕೊಳ್ಳೋದು ವಾಸಿ. ಇಂದಿನಿಂದ ನನ್ನ ಮುಖ್ಯ ಸಲಹೆಗಾರ. ಈ ಪತ್ರ ನೀನೇ ತಲುಪಿಸು. ಕೈ ಮುಗಿದು ಕೊಡಬೇಕು, ಗೊತ್ತಾಯ್ತಾ?"

ಬ್ರಷ್ಷಪ್ಪ ಸೀದಾ ಮನೆಗೆ ಬಂದ. ಹೆಂಡತಿಯ ತಮ್ಮ ಎಂದಿನಂತೆ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ. ಬ್ರಷ್ಷಪ್ಪ ಕೈ ಮುಗಿದು, ಪತ್ರವನ್ನು ಅವನ ಹೊಟ್ಟೆಯ ಮೇಲಿಟ್ಟ.

"ಏಳಪ್ಪಾ ಮಹಾರಾಯ! ಹೆಣ್ಣಿನ ಕಡೆಯವರು ವಾಪಸ್ ಕಳಿಸಿದ್ದ ನಿನ್ನ ಫೋಟೋನ ಕುಂಡದ ಬದಲು ಅಂಟಿಸಿದ್ನಲ್ಲ, ಅಂತೂ ಒಬ್ಬರು ಒಪ್ಪಿಕೊಂಡ್ರು."