ನಾಲ್ಕನೇ ಹಾಡನ್ನು ಮೆಚ್ಚಿದವರು

ಆ ಭಾನುವಾರ ಫ್ಯಾನು ಆರಿಸಿದವಳು ಲತಾಮಣಿ. ಕುಕ್ಕರನ್ನು ಒಲೆಯಿಂದ ಇಳಿಸಿದಳು, ಮುಂಬಾಗಿಲಿಗೆ ಚಿಲಕ ಹಾಕಿದಳು, ಸದ್ದಾಗದಿರಲಿ ಎಂದು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡಳು. ಪ್ರತಿ ವಾರ ಇಷ್ಟನ್ನೂ ಗದರಿ ಗದರಿ ಮಾಡಿಸುತ್ತಿದ್ದ ಗಂಡ ನಟರಾಜ್ ಮಾತ್ರ ಪೇಪರಿನೊಳಗೆ ಮುಖ ಹುದುಗಿಸಿ ಕೂತಿದ್ದ.

"ಟೈಮಾಯ್ತು ಕಣ್ರೀ. ರೇಡಿಯೊ ಹಾಕಿ."

"ಈ ವಾರ ಬ್ಯಾಡ ಬಿಡೇ. ಎಲ್ಲಾ ಕೇಳಿರೋ ಹಾಡೇ."

"ಹೋದ ವಾರದ್ದೇನು ಕೇಳದೇ ಇರೋ ಹಾಡಾ?"

ನಟರಾಜ್ ಪೇಪರಿನ ಹಾಳೆ ಮಗುಚಿದ. ಕೇಳುಗರು ಬರೆದ ಕಾರ್ಡುಗಳನ್ನು ಎಣಿಸಿ, ವಾರದ ಹತ್ತು ಸಿನಿಮಾ ಹಾಡುಗಳನ್ನು ಹತ್ತನೆಯದರಿಂದ ಶುರುಮಾಡಿ ಒಂದನೆಯದರವರೆಗೆ ಹಾಕುತ್ತಿದ್ದ ಮೂವತ್ತು ವರ್ಷ ಹಿಂದಿನ ಕಾರ್ಯಕ್ರಮವದು. ರೇಡಿಯೊದವರು ಈಗ ಭಾನುವಾರ ಮಧ್ಯಾಹ್ನ ಅದನ್ನೇ ಮರುಪ್ರಸಾರ ಮಾಡುತ್ತಿದ್ದರು. ಅದು ಶುರುವಾಯಿತೆಂದರೆ ಅರಸೀಕೆರೆಯ ಈ ಮನೆಯಲ್ಲಿ ಕೆಮ್ಮುವುದಕ್ಕೂ ಅಪ್ಪಣೆ ಬೇಕು. ನಟರಾಜ್ ತನ್ನ ಹಳೇ ರೇಡಿಯೊದ ಮುಂದೆ ಮೊಬೈಲಿಟ್ಟು ರೆಕಾರ್ಡ್ ಮಾಡುವ ಆಸಾಮಿ. ಒಮ್ಮೆ ಮೊಸರಿನ ದ್ಯಾವಮ್ಮ ಹಾಡಿನ ನಡುವೆ ಬಾಗಿಲಲ್ಲಿ ಕೂಗಿದಳೆಂದು ರೆಕಾರ್ಡನ್ನೇ ಅಳಿಸಿಹಾಕಿ, ಆವತ್ತು ಊಟಕ್ಕೆ ಮೊಸರೂ ಬೇಡವೆಂದಿದ್ದ.

ಇವತ್ತಿನದು ತೊಂಬತ್ತಮೂರರ ಯುಗಾದಿ ವಾರದ್ದು ಎಂದು ಹೋದ ಭಾನುವಾರವೇ ಹೇಳಿದ್ದರು. ಆ ಯುಗಾದಿಗೆ ಇಬ್ಬರೂ ಮಾದಿಹಳ್ಳಿಯಲ್ಲಿದ್ದರು. ಲತಾಮಣಿ ತುಂಬು ಬಸುರಿ. ಹೆಣ್ಣೇ ಹುಟ್ಟುವುದು ಎಂದು ಪಂತ ಕಟ್ಟಿದ್ದ ನಟರಾಜ್, ರೇಡಿಯೊಗೆ ಬರೆದ ಕಾರ್ಡಿನಲ್ಲಿ ತಮ್ಮಿಬ್ಬರ ಹೆಸರಿನ ಪಕ್ಕ ಮಗಳ ಹೆಸರನ್ನೂ ಸೇರಿಸಿಬಿಟ್ಟಿದ್ದ. ಮೂರೂ ಹೆಸರು ರೇಡಿಯೊದಲ್ಲಿ ಬಂದಾಗ ಅವನು ಕುಣಿದದ್ದೇ ಕುಣಿದದ್ದು. ಅವನ ತಾಯಿ ಮುತ್ತಮ್ಮ ಮಾತ್ರ ಸಿಡುಕಿದ್ದಳು: "ಕೂಸು ಹುಟ್ಟೋ ಮುಂಚೆ ಕುಲಾವಿ ಅಂದಂಗಾಯ್ತು. ಹುಟ್ದೇ ಇರೋ ಮಗೀಗೆ ಯಾರ್ಲಾ ಹೆಸ್ರಿಡ್ತಾರೆ? ದೃಷ್ಟಿ ಆಯ್ತದೆ."

ಮಗು ಹುಟ್ಟಿತು, ಅಳಲಿಲ್ಲ. ಹೆಣ್ಣೇ ಆಗಿತ್ತು. ಒಂದು ಫೋಟೊ ಇಲ್ಲ, ತೊಟ್ಟಿಲ ಶಾಸ್ತ್ರವಿಲ್ಲ. ನಟರಾಜ್ ಆ ಹೆಸರನ್ನು ಮತ್ತೆ ಬಾಯಿಗೆ ತರಲಿಲ್ಲ. ಮುಂದೆ ಮಗ ಅರುಣ ಹುಟ್ಟಿದಾಗಲೂ "ಹೆಸ್ರು ನೀವೇ ಯಾರಾದ್ರೂ ಇಡ್ರಪ್ಪ" ಎಂದು ತೊಟ್ಟಿಲ ಹತ್ತಿರ ಬರದೆ ಜಗಲಿಯಲ್ಲಿ ನಿಂತಿದ್ದ. ಈ ಮನುಷ್ಯನಿಗೆ ಮಗಳು ಮರೆತೇ ಹೋದಳು ಎಂದು ಲತಾಮಣಿ ಅಂದೇ ತೀರ್ಮಾನಿಸಿದ್ದಳು. ಮಗು ಹೋದ ಸಂಕಟ ಹೇಗೋ ಹಳೆಯದಾಯಿತು, ಗಂಡ ಮರೆತ ನೋವು ಮಾತ್ರ ಹಳೆಯದಾಗಲಿಲ್ಲ.

ಈಗ ಅವನ ಕೈಯಿಂದ ಪೇಪರು ಕಿತ್ತುಕೊಂಡಳು. "ನನ್ ಮಗಳ ಹೆಸ್ರು ಇನ್ನೆಲ್ಲೂ ಇಲ್ಲ ಕಣ್ರೀ. ಇದೊಂದ್ರಲ್ಲಿ ಐತೆ. ಇವತ್ತು ಹೋದ್ರೆ ಹೋಯ್ತು. ಮೊಬೈಲಲ್ಲಿ ಹಿಡ್ಕೊಡಿ" ಎಂದಳು.

ನಟರಾಜ್ ಎದ್ದು ಮೊಬೈಲು ಇಟ್ಟ, ರೇಡಿಯೊ ಹಾಕಿದ. ಎಷ್ಟನೆಯ ಹಾಡಿಗೆ ತಮ್ಮ ಹೆಸರು ಬಂದಿತ್ತೆಂದು ಅವಳಿಗೆ ನೆನಪಿರಲಿಲ್ಲ. ಹತ್ತನೆಯದಾಯಿತು, ಒಂಬತ್ತಾಯಿತು. ಎಂಟನೆಯದಕ್ಕೆ ರೇಡಿಯೊ ಗೊರಗೊರ ಶುರುಮಾಡಿತು. ಏರಿಯಲ್ ಹಿಡಿದುಕೊಂಡರೆ ಸರಿಹೋಗುತ್ತಿತ್ತು, ಬಿಟ್ಟರೆ ಮತ್ತೆ ಅದೇ ರಾಗ. ಆಚೆ ಹೋಗಿಬಿಡೋಣ ಎಂದುಕೊಂಡಿದ್ದ ನಟರಾಜ್ ಏರಿಯಲ್ ಹಿಡಿದು ಅಲ್ಲೇ ನಿಲ್ಲಬೇಕಾಯಿತು. ಲತಾಮಣಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಐದನೆಯ ಹಾಡು ಮುಗಿಯಿತು. "ನಾಲ್ಕನೇ ಸ್ಥಾನದ ಹಾಡು. ಇದನ್ನು ಮೆಚ್ಚಿ ಬರೆದವರು, ಗೆಂಡೆಹಳ್ಳಿಯಿಂದ ಷಡಕ್ಷರಪ್ಪ ಮತ್ತು ಗೆಳೆಯರು, ಬೇಲೂರಿನಿಂದ ರಮಾ, ಮಾದಿಹಳ್ಳಿಯಿಂದ ನಟರಾಜ್, ಲತಾಮಣಿ, ಶಿಲ್ಪಶ್ರೀ..."

"ಓ" ಎಂದ ನಟರಾಜ್.

ಬೀದಿಯಲ್ಲಿ ಯಾರೋ ಕರೆದರೆ ಒಳಗಿನಿಂದ ಓಗೊಡುವ ಹಾಗೆ, ಗಟ್ಟಿಯಾಗಿಯೇ ಅಂದುಬಿಟ್ಟಿದ್ದ. ಅಂದಮೇಲೆ ತಾನೇ ಬೆಚ್ಚಿದ. ಹಾಡು ಶುರುವಾಯಿತು. ಅವನು ಏರಿಯಲ್ ಬಿಡಲಿಲ್ಲ, ಕಣ್ಣಿಂದ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲೂ ಇಲ್ಲ. ಲತಾಮಣಿ ಗಂಡನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ ಅವಳಿಗೆ ಈಗಷ್ಟೇ ಕಂಡ.

ಈ ವಾರದ್ದನ್ನು ಬುಧವಾರ ಇನ್ನೊಮ್ಮೆ ಹಾಕುತ್ತೇವೆಂದು ಹೇಳಿ ರೇಡಿಯೊದವರು ಕಾರ್ಯಕ್ರಮ ಮುಗಿಸಿದರು.

"ಅವತ್ತು ನಾನು ಆ ಹೆಸ್ರು ಬರೀದೇ ಇದ್ದಿದ್ರೆ ಉಳೀತಿದ್ಳೇನೋ" ಎಂದ ನಟರಾಜ್. "ಮತ್ತೆ ಹೇಳೋಕೇ ಭಯ ಆಗೋದು ಕಣೇ. ಒಳಗೊಳಗೇ ಕರೀತಿದ್ದೆ."

"ಜೋರಾಗಿ ಕರ್ದಿದ್ರೆ ನಂಗೂ ಕೇಳ್ತಿತ್ತು" ಎಂದಳು ಲತಾಮಣಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಮೂಗೊರೆಸಿಕೊಂಡು ಮೊಬೈಲು ಎತ್ತಿಕೊಂಡ. ಕೇಳಿಸಿ ನೋಡಿದ. ಶಿಲ್ಪಶ್ರೀ ಎಂಬ ಹೆಸರು, ಅದರ ಬಾಲಕ್ಕೇ ತನ್ನ ಒಡಕು ದನಿ. ಮುಖ ಹುಳ್ಳಗೆ ಮಾಡಿಕೊಂಡ.

"ಹಾಳು ಮಾಡ್ದೆ. ಬುಧವಾರ ಇನ್ನೊಂದ್ಸಲ ಹಾಕ್ತಾರಂತಲ್ಲ, ಆಗ ನೀಟಾಗಿ ಹಿಡ್ಕೊಡ್ತೀನಿ. ಇದನ್ನ ಅಳಿಸ್ಲಾ?"

ಲತಾಮಣಿ ಮೊಬೈಲನ್ನು ಅವನ ಕೈಯಿಂದ ಬಿಡಿಸಿಕೊಂಡು ಎದೆಗೆ ಒತ್ತಿಕೊಂಡಳು.

"ಮುಟ್ಟಬ್ಯಾಡಿ. ಮಗೂನ ಕರೆದ್ರೆ ಮನೇಲಿ ಯಾರಾದ್ರೂ ಓ ಅನ್ಬೇಕಲ್ವಾ?"