ಎಂಟರ ಬಾಲ

ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿ ತೋರಿಸಮ್ಮ ಎಂದರೆ, ಗಿರಿಜಾಂಬಿಕಾ ಮೋಟರ್ ಸೈಕಲ್ಲಿನಲ್ಲಿ ಎಂಟರ ಮಗ್ಗಿಯನ್ನೇ ಬರೆದು ಬಂದವಳು! ತುಮಕೂರಿನ ಮೈದಾನದ ಮಣ್ಣಿನ ಮೇಲೆ, ಎಂಟೊಂದ್ಲೆ ಎಂಟರಿಂದ ಹಿಡಿದು ಎಂಟ್ಹತ್ಲೆ ಎಂಬತ್ತರ ತನಕ, ಕಾಲು ನೆಲಕ್ಕೆ ತಾಗಿಸದೆ, ಒಂದೂ ತಪ್ಪಿಲ್ಲದೆ. ಎಂಬತ್ತರ ಸೊನ್ನೆಯೊಳಗೆ ಸಿಕ್ಕಿಕೊಂಡ ಬ್ರೇಕ್ ಇನ್‌ಸ್ಪೆಕ್ಟರು ಆಚೆ ಬರಲು ದಾರಿ ಕಾಣದೆ ಒಳಗೇ ನಿಂತು ಲೈಸೆನ್ಸಿಗೆ ರುಜು ಹಾಕಿದರು.

ಇದನ್ನು ಹೇಳುತ್ತಿದ್ದವಳೂ ಅವಳೇ. ತಿಪಟೂರಿನ ಈರಣ್ಣನ ಗ್ಯಾರೇಜಿನ ಅಂಗಳದಲ್ಲಿ ಮಾರಾಟಕ್ಕೆ ನಿಂತಿದ್ದ ಬುಲೆಟ್ಟಿನ ಟ್ಯಾಂಕನ್ನು ತನ್ನದೇ ಎಂಬಂತೆ ಸೆರಗಿನಿಂದ ಒರೆಸುತ್ತಿದ್ದಳು. ಗಂಡ ತೋಂಟದಾರ್ಯ ಪಕ್ಕದಲ್ಲಿ ನಿಂತು ಆಕಾಶ ನೋಡುತ್ತಿದ್ದ. ಗಂಡನ ಅಣ್ಣ ಸದಾಶಿವಯ್ಯನವರು ಕೊಬ್ಬರಿ ಮೂಟೆಯೊಂದರ ಮೇಲೆ ಕೂತು ಎಲೆಅಡಿಕೆ ಜಗಿಯುತ್ತಿದ್ದರು. ಆ ಅಂಗಳಕ್ಕೆ ಸೇರಿದ ಕೊಬ್ಬರಿ ಮಂಡಿಗೂ ಬಿಳಿಗೆರೆಯ ಮನೆಗೂ ಅವರೇ ಯಜಮಾನರು. ಅವರು ಹೂಂ ಎನ್ನದೆ ಈರಣ್ಣ ಗಾಡಿ ಕೊಡುವವನಲ್ಲ.

"ಪಕ್ಕಾ ಲೈಸೆನ್ಸು ಬಂತು, ಸಂತೋಷ. ಮನೇಲಿರೋ ಹಳೇ ಗಾಡೀನೇ ಓಡಿಸ್ಕೊಂಡಿರು," ಎಂದರು ಅವರು. "ತೋಟದಿಂದ ಮಾರ್ಕೆಟ್ಟಿಗೆ ಹೋಗಿ ಬರೋಕೆ ಇಂಥಾ ಆನೆ ಯಾಕೆ ಕಣಮ್ಮ?"

"ಹೋಗಿ ಬರೋಕಲ್ಲ ಬಾವ, ಹೋಗೋಕೆ. ಕನ್ಯಾಕುಮಾರಿ ಮುಟ್ಟಿ, ಅಲ್ಲಿಂದ ಸಮುದ್ರದ ದಂಡೆ ಹಿಡಿದು ಕಾರವಾರದ ತನಕ. ಆ ಹಳೇ ಗಾಡಿ ಮಾಯಸಂದ್ರ ಬರೋ ಹೊತ್ಗೆ ಏದುಸಿರು ಬಿಡುತ್ತೆ. ಇಬ್ಬರು ಜನ, ಹಾಸಿಗೆ ಸುರುಳಿ, ಸೀಮೆಎಣ್ಣೆ ಸ್ಟವ್ವು, ಎಲ್ಲಾ ಎಳೀಬೇಕಲ್ಲ?"

"ಇಬ್ಬರು ಅಂದ್ರೆ?"

"ಇವ್ರು ಹಿಂದೆ ಕೂತ್ಕೋತಾರೆ."

ಸದಾಶಿವಯ್ಯನವರ ಬಾಯಲ್ಲಿ ಎಲೆಅಡಿಕೆ ಅಲ್ಲೇ ನಿಂತಿತು. ತಮ್ಮನನ್ನು ನೋಡಿದರು. ತಮ್ಮ ಆಕಾಶದಿಂದ ಕಣ್ಣು ಕೀಳಲಿಲ್ಲ.

"ಹೆಂಡ್ತಿ ಬೆನ್ನಿಗೆ ಆತ್ಕೊಂಡು ದೇಶ ಸುತ್ತುತಾನಾ ನನ್ ತಮ್ಮ? ಊರು ನಗಲ್ವಾ?"

"ನಗ್ಲಿ ಬುಡಿ ಬಾವ. ಊರು ನಗೋಕೆ ಬಾಯಿ ತೆಗೆಯೋಷ್ಟೊತ್ಗೆ ನಾವು ಹಾಸನ ದಾಟಿರ್ತೀವಿ."

"ಬಾಯಿ ಜೋರೈತೆ. ಮಗ್ಗಿ ಬ್ಯಾಡ, ಇಗೋ ಆ ತೆಂಗಿನಮರ, ಈ ಚಿಪ್ಪಿನ ಗುಡ್ಡೆ. ಇದೇ ಬುಲೆಟ್ಟಲ್ಲಿ ಒಂದೇ ಒಂದು ಎಂಟು ಹಾಕು. ಕಾಲು ಕೆಳಕ್ಕೆ ಇಟ್ಯೋ, ಹಳೇ ಗಾಡಿ."

"ಇಡ್ಲಿಲ್ಲ ಅಂದ್ರೆ?"

"ಇದು ನಿಂದೇ. ಆಮೇಲೆ ನಾನು ತುಟಿ ಬಿಚ್ಚಲ್ಲ."

ಗಿರಿಜಾಂಬಿಕಾ ಸೀರೆಗೆ ಕಚ್ಚೆ ಹಾಕಿ ಬಿಗಿದು ಕಿಕ್ಕರಿನ ಮೇಲೆ ನಿಂತಳು. ಒಂದೇ ಒದೆತ! ಆ ಸದ್ದಿಗೆ ಮರದ ಮೇಲಿದ್ದ ಎಳನೀರೆಲ್ಲ ಗಾಬರಿಬಿದ್ದು ನಿಂತ ನಿಲುವಿನಲ್ಲೇ ಕೊಬ್ಬರಿಯಾದವು. ಅತ್ತ ಚಿಕ್ಕನಾಯಕನಹಳ್ಳಿಯ ಹುಂಜಗಳು ನಡುಮಧ್ಯಾಹ್ನವನ್ನು ಬೆಳಗಿನ ಜಾವವೆಂದು ತಿಳಿದು ಕೂಗಿದವು. ಅವಳು ಮರವನ್ನು ಬಳಸಿದಳು. ಗುಡ್ಡೆಯ ಕಡೆಗೆ ಬಾಗಿದಳು. ಕಾಲು ಇಡಲಿಲ್ಲ. ಗುಡ್ಡೆಯನ್ನು ಸುತ್ತಿ ಮತ್ತೆ ಮರದತ್ತ ಬರಬೇಕಾದವಳು ಬರಲೇ ಇಲ್ಲ. ಗುಡ್ಡೆಯ ಮಗ್ಗುಲು ಸವರಿಕೊಂಡು, ಹ್ಯಾಂಡಲ್ ನೆಟ್ಟಗೆ ಮಾಡಿ, ಗೇಟು ದಾಟಿ ಅರಸೀಕೆರೆ ರಸ್ತೆಗಿಳಿದು ಮಾಯವಾದಳು.

"ಎಲ್ಲಯ್ಯ ಎಂಟು? ಇದು ಓಡಿಹೋಗೋದು!" ಸದಾಶಿವಯ್ಯ ಎದ್ದು ನಿಂತರು.

ತೋಂಟದಾರ್ಯ ಆಗ ಮೊದಲ ಸಲ ಭೂಮಿಯ ಕಡೆ ನೋಡಿದ. "ತುಮಕೂರಲ್ಲೂ ಹಿಂಗೇ ಆಯ್ತು ಕಣಣ್ಣ," ಎಂದು ಬಾಯಿಬಿಟ್ಟು, ಬಿಟ್ಟಮೇಲೆ ನಾಲಿಗೆ ಕಚ್ಚಿಕೊಂಡ.

ಅಣ್ಣ ಎಲೆಅಡಿಕೆ ಉಗಿದು ಬರುವಷ್ಟರಲ್ಲಿ ಗುಡುಗು ವಾಪಸ್ ಬಂತು. "ಅರಸೀಕೆರೆಗೆ ಹೋಗಿ ಕಾಫಿ ಕುಡ್ಕೊಂಡು ಬಂದೆ," ಎಂದು ಇಳಿದ ಗಿರಿಜಾಂಬಿಕಾ ಅಂಗಳದ ಧೂಳಿನ ಕಡೆ ಕೈ ತೋರಿಸಿದಳು. "ನೋಡ್ಕಳಿ ಬಾವ, ನಿಮ್ಮೆಂಟು."

ಧೂಳಿನಲ್ಲಿ ಚಕ್ರದ ಗೆರೆ ಮರವನ್ನು ಬಳಸಿ ಬಂದು, ತನ್ನ ದಾರಿಯನ್ನು ತಾನು ಎಲ್ಲೂ ಕತ್ತರಿಸದೆ, ಬಾಲವನ್ನು ಗೇಟಿನಾಚೆಗೆ ಚಾಚಿತ್ತು.

"ಇದ್ಯಾವ ಸೀಮೆ ಎಂಟು?"

"ನೀವು ಕೂತಿದ್ರಲ್ಲ, ಆ ಮೂಟೆ ಮೇಲೆ ಬರೆದಿದ್ದೀರಲ್ಲ, ಆ ಸೀಮೇದು."

ಸದಾಶಿವಯ್ಯ ತಿರುಗಿ ನೋಡಿದರು. ಮೂಟೆಯ ಮೇಲೆ ಕಪ್ಪು ಮಸಿಯಲ್ಲಿ ಅವರದೇ ಕೈಬರಹದ ಕನ್ನಡ ಅಂಕಿ: ೮. ಅದಕ್ಕೂ ನೆಲದ ಮೇಲಿದ್ದದ್ದಕ್ಕೂ ಇದ್ದ ವ್ಯತ್ಯಾಸ ಒಂದೇ, ನೆಲದ್ದರ ಬಾಲ ಉದ್ದ. ಈರಣ್ಣ ನಗು ತಡೆಯಲು ಸ್ಪ್ಯಾನರನ್ನು ಹಲ್ಲಿನಲ್ಲಿ ಕಚ್ಚಿಕೊಂಡ.

"ಆಯ್ತು, ಗಾಡಿ ನಿಂದೇ," ಎಂದು ಮಂಡಿಯ ಕಡೆ ಹೊರಟ ಸದಾಶಿವಯ್ಯ ಬಾಗಿಲಲ್ಲಿ ತಿರುಗಿದರು. "ತುಮಕೂರಲ್ಲೂ ಹಿಂಗೇ ಆಯ್ತಂತಲ್ಲ? ಮಗ್ಗಿ ಏನಾಯ್ತು?"

ಗಿರಿಜಾಂಬಿಕಾ ಗಂಡನನ್ನು ನೋಡಿದಳು. ಅವನು ಮತ್ತೆ ಆಕಾಶಕ್ಕೆ ಹೋಗಿದ್ದ. ಅವಳು ಬುಲೆಟ್ಟಿನ ಬೀಗದಕೈಯನ್ನು ಮೊದಲು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಬಾಯಿ ಬಿಟ್ಟಳು.

"ಮಗ್ಗಿ ಎಲ್ಲಿಂದ ಬಂತು ಬಾವ. ಎಂಟು ಹಾಕು ಅಂದ್ರು, ನನಗೆ ಗೊತ್ತಿದ್ದ ಎಂಟು ಹಾಕ್ದೆ. ಮೈದಾನ ದಾಟಿ ಬೀದಿಗೆ ಹೋಗಿ ನಿಂತೆ. ಫೇಲು. ತಿಂಗಳೆಲ್ಲಾ ಕಣದಲ್ಲಿ ಬಿದ್ದೂ ಎದ್ದೂ ಇಂಗ್ಲಿಷ್ ಎಂಟು ಕಲ್ತು, ಎರಡನೇ ಸಲಕ್ಕೆ ಪಾಸಾದೆ."

"ಬರುತ್ತೆ ಅನ್ನು. ಇವತ್ತೂ ಅದನ್ನೇ ಹಾಕ್ಬೋದಿತ್ತಲ್ಲ?"

"ಹಾಕ್ಬೋದಿತ್ತು. ಎಷ್ಟು ಸುತ್ತಿದ್ರೂ ಹೊರಟ ಜಾಗಕ್ಕೇ ತಂದು ನಿಲ್ಲಿಸುತ್ತೆ ಬಾವ, ಆ ಎಂಟು."